ಜೀನು ಮಗುಚಿ ಹಾಕಿ ನೋಡು

ಕಾನ್ಪುರ

ಪ್ರೀತಿಯ ಸುಹಾಸನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಕುದುರೆ ಜೀನಿನ ಫೋಟೋಗಳನ್ನು ಮೂರು ಸಲ ನೋಡಿದೆ. ಹಿತ್ತಾಳೆ ಅಂಚು ಮಿರಿಮಿರಿ ಮಿಂಚುತ್ತಿದೆ. ಬಣ್ಣವೂ ಚೆನ್ನಾಗಿ ಕೂತಿದೆ. ಆದರೆ ಹನ್ನೊಂದು ಫೋಟೋಗಳಲ್ಲಿ ಒಂದರಲ್ಲೂ ಜೀನಿನ ಅಡಿಭಾಗ ಇಲ್ಲವಲ್ಲೋ. ನಾನು ಮೊದಲು ನೋಡೋದೇ ಅದನ್ನು.

ಇಲ್ಲಿಗೆ ಬಂದ ಹೊಸತರಲ್ಲಿ ನಾನು ಮಾಡಿದ ಒಂದು ಜೀನು ಅಮೆರಿಕದಿಂದ ವಾಪಸು ಬಂತು. ಮೇಲೆ ಒಂದು ಗೀರೂ ಇರಲಿಲ್ಲ. ಉಸ್ತಾದರು ಅದನ್ನು ಮಗುಚಿ ಹಾಕಿ, ನನ್ನ ಅಂಗೈ ಹಿಡಿದು ಎಡಗಡೆ ಹಲಗೆಯ ಮೇಲೆ ಮೆಲ್ಲಗೆ ಎಳೆದರು. ಚುರುಕ್ ಅಂತು. ಒಂದು ಸ್ಕ್ರೂವಿನ ತುದಿ, ಅಕ್ಕಿಕಾಳಿನ ಮೂತಿಯಷ್ಟು, ಚರ್ಮದಿಂದ ಇಣುಕುತ್ತಿತ್ತು. ಅಲ್ಲಿ ಆ ಕುದುರೆಯ ಬೆನ್ನು ಹುಣ್ಣಾಗಿತ್ತು. ಉಸ್ತಾದರು ಬೈಯಲಿಲ್ಲ. ಹೊಲಿಗೆಯನ್ನೆಲ್ಲ ನನ್ನ ಕೈಯಲ್ಲೇ ಬಿಚ್ಚಿಸಿದರು. ಎರಡು ದಿನ ಹಿಡಿಯಿತು.

ನಿನ್ನ ಗಿರಾಕಿ ಕೇಳಿರೋದು ಮೆಕ್ಲೆಲನ್ ಜೀನು, ಅಮೆರಿಕದ ಅಂತರ್ಯುದ್ಧದ ಕಾಲದ್ದು, ಅಧಿಕಾರಿಗಳ ಮಾದರಿ. ಅಲ್ಲಿನ ಸೈನ್ಯಾಧಿಕಾರಿ ಜಾರ್ಜ್ ಮೆಕ್ಲೆಲನ್ 1855-56ರಲ್ಲಿ ಯುರೋಪಿನ ಸೈನ್ಯಗಳನ್ನು ನೋಡಿ ಬಂದು ಸೂಚಿಸಿದ ಜೀನು ಇದು. 1859ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡಿತು. ಅದರ ಜಾಣತನ ಇರೋದು ಮರದ ಚೌಕಟ್ಟಿನಲ್ಲಿ, ನಾವು ಟ್ರೀ ಅಂತೀವಲ್ಲ, ಅದರಲ್ಲಿ. ಎರಡು ಪಕ್ಕಕ್ಕೆ ಎರಡು ಹಲಗೆ, ನಡುವೆ ಉದ್ದಕ್ಕೂ ಖಾಲಿ. ಕುದುರೆಯ ಬೆನ್ನುಮೂಳೆ ಮೇಲೆ ಭಾರ ಬೀಳಬಾರದು, ಗಾಳಿ ಆಡಬೇಕು. ನೀನು ಸವಾರನಿಗೆ ಮೆತ್ತಗಿರಲಿ ಅಂತ ಅಲ್ಲಿ ಸ್ಪಂಜು ತುಂಬಿ ಮುಚ್ಚಿಬಿಟ್ಟಿದ್ದೀಯ! ಅದನ್ನು ಮೊದಲು ಕಿತ್ತು ಹಾಕು.

ಸಿಪಾಯಿಯ ಜೀನಿಗೆ ಆಗ ಬರೀ ಹಸಿ ಚರ್ಮ, ಅಂದರೆ ಹದ ಮಾಡದ್ದು. ಒದ್ದೆಯಾಗಿದ್ದಾಗ ಟ್ರೀ ಮೇಲೆ ಎಳೆದು ಹೊಲಿದರೆ, ಒಣಗುತ್ತಾ ಬಿಗಿದು ಮರವನ್ನು ಕಚ್ಚಿ ಹಿಡಿಯುತ್ತೆ. ಅವಸರಕ್ಕೆ ಬಿಸಿಲಿಗಿಟ್ಟೀಯ ಜೋಕೆ, ಟ್ರೀ ಸೊಟ್ಟಗಾಗುತ್ತೆ. ನೆರಳಲ್ಲೇ ಒಣಗಲಿ. ಅಧಿಕಾರಿಗಳು ಕುದುರೆ, ಜೀನು ಎಲ್ಲವನ್ನೂ ಸ್ವಂತ ದುಡ್ಡಲ್ಲಿ ಕೊಳ್ಳಬೇಕಿತ್ತು. ಹಾಗಾಗಿ ಅವರ ಜೀನಿಗೆ ಮೇಲೊಂದು ನುಣುಪು ಚರ್ಮದ ಹೊದಿಕೆ, ಹಿತ್ತಾಳೆಯ ಶೋಕಿ. ಕೆಲವರಂತೂ ಸೈನ್ಯದ ಹಿಂದಿನ ಮಾದರಿ, 1847ರ ಗ್ರಿಮ್ಸ್ಲಿ ಜೀನನ್ನೇ ಬಿಡಲಿಲ್ಲ. ನನ್ನನ್ನು ಕೇಳಿದರೆ ನೋಡೋಕೆ ಅದೇ ಚೆಂದ, ಆದರೆ ಕೆಲಸ ಜಾಸ್ತಿ. ಈಗಲೇ ಕೈ ಹಾಕಬೇಡ.

ಚರ್ಮದ ವಿಷಯ. ನೀನು ತಂದಿರೋದು ಕ್ರೋಮ್ ಚರ್ಮ, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು ಅಂತ ಅನುಮಾನ. ಅಂಚಿನಲ್ಲಿ ಒಂದು ಚೂರು ಕತ್ತರಿಸಿ ನೋಡು, ಒಳಗೆ ನೀಲಿ ಮಿಶ್ರಿತ ಬೂದು ಕಂಡರೆ ಅದೇ. ಆ ಹದ ಬಳಕೆಗೆ ಬಂದಿದ್ದೇ ಆ ಯುದ್ಧ ಮುಗಿದ ಮೇಲೆ. ತೊಗಟೆಯಲ್ಲಿ ಹದ ಮಾಡಿದ್ದೇ ಬೇಕು. ಇಲ್ಲಿ ಜಾಲಿ ತೊಗಟೆ, ನಮ್ಮ ಕಡೆ ತಂಗಡಿ ತೊಗಟೆ ಹಾಕುತ್ತಿದ್ದರು, ನಿನ್ನ ತಾತನಿಗೆ ಆ ವಾಸನೆ ಅಂದ್ರೆ ಆಗ್ತಿರಲಿಲ್ಲ. ಹೊಲಿಗೆಗೆ ಮೇಣ ಹಚ್ಚಿದ ನಾರಿನ ದಾರ, ಎರಡು ಸೂಜಿ. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ದಾರ ಹಾಯಬೇಕು. ಒಂದು ಸವೆದು ತುಂಡಾದರೂ ಇನ್ನೊಂದು ಹಿಡಿದಿರುತ್ತೆ. ಮಿಷನ್ ಹೊಲಿಗೆಗೆ ಆ ಗಟ್ಟಿತನ ಎಲ್ಲಿಂದ ಬರಬೇಕು?

ಗಿರಾಕಿಯ ಕುದುರೆಯ ಅಳತೆ ಕೇಳಿದ್ದೀಯಾ? 11, 11½, 12 ಇಂಚು ಅನ್ನೋದು ಸವಾರ ಕೂರುವ ಜಾಗದ ಅಳತೆ, ಕುದುರೆಯದ್ದಲ್ಲ. ಈಗಿನ ಅಮೆರಿಕದ ಕುದುರೆಗಳ ಬೆನ್ನು ಅಗಲ, ಹಳೇ ಟ್ರೀ ಇಕ್ಕಟ್ಟಾಗುತ್ತೆ. ಕುದುರೆಯ ಹೆಗಲ ಮೇಲೆ ಬಗ್ಗುವ ತಂತಿ ಒತ್ತಿ, ಆ ಆಕಾರವನ್ನು ರಟ್ಟಿನ ಮೇಲೆ ಗೀಚಿ ಕಳಿಸೋಕೆ ಹೇಳು. ಸಾಕು.

ಇನ್ನೊಂದು. 'ಸ್ವಲ್ಪ ಹಳೇದರ ಹಾಗೆ ಕಾಣಲಿ' ಅಂತ ಅವನು ಕೇಳಿದ್ದಾನೆ ಅಂತ ಬರೆದಿದ್ದೀಯ. ಬೇಡ ಅನ್ನು. ಹಿತ್ತಾಳೆ ಕಪ್ಪು ಮಾಡೋದು, ಚರ್ಮ ತಿಕ್ಕಿ ಸವೆಸೋದು ನಮಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಆದರೆ ಅದು ಎರಡು ಕೈ ದಾಟಿದ ಮೇಲೆ 1861ರ ಅಸಲಿ ಜೀನು ಅಂತ ಯಾರೋ ಬಡಪಾಯಿಯ ತಲೆಗೆ ಕಟ್ತಾರೆ. ನಿನ್ನ ಹೆಸರು, ಇಸವಿ ಎರಡನ್ನೂ ಅಡಿಯ ಚರ್ಮದಲ್ಲಿ ಆಳವಾಗಿ ಒತ್ತು. ಅದಕ್ಕೆ ಅವನು ಒಪ್ಪದಿದ್ದರೆ ಮುಂಗಡ ವಾಪಸು ಕೊಡು. ಕಡಿಮೆ ಬಿದ್ದರೆ ನಾನು ಕೊಡ್ತೀನಿ.

ಚರ್ಮದ ಚೂರನ್ನು ಲಕೋಟೆಯಲ್ಲಿ ಹಾಕಿ ಕಳಿಸು. ಅಡಿಭಾಗದ ಫೋಟೋನೂ ಬರಲಿ. ಅಕ್ಕನಿಗೆ ಹೇಳು, ಇಲ್ಲಿ ಚಟ್ನಿಪುಡಿ ಮುಗಿದು ತಿಂಗಳಾಯ್ತು.

ಇತಿ,
ನಿನ್ನ ಮಾವ