ಜಾತ್ರೆಯಲ್ಲಿ ಕಲ್ಲಿನ ಅಂಗಡಿ ಇಟ್ಟವರ ಕಡೆಯಿಂದ

ಯುಗಾದಿ ಆದಮೇಲೆ ಶುರುವಾದ ನಮ್ಮ ಜಾತ್ರೆ ಓಡಾಟ ಹೋದ ವಾರ ಮುಗಿಯಿತು. ರೋಹಿಣಿ ಮಳೆ ಹಿಡಿಯಿತು, ಊರವರೆಲ್ಲ ಹೊಲದ ಕಡೆ ಮುಖ ಮಾಡಿದರು, ಶಾಲೆಗಳೂ ತೆರೆದವು. ಮಡಚುವ ಮೇಜು, ಕಲ್ಲುಗಳ ಫೋಟೋ, ಎರಡು ಟಾರ್ಚು, ಒಂದು ನೀಲಿ ಟಾರ್ಪಾಲು ಈಗ ನಮ್ಮ ಮನೆಯ ಅಟ್ಟ ಸೇರಿವೆ. ಟಾರ್ಪಾಲು ಮಾತ್ರ ನಮ್ಮದಲ್ಲ. ಅದರ ಮಾತು ಆಮೇಲೆ.

ನಮ್ಮನ್ನು ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ನಮ್ಮದು ಎಂಟು ಜನರ ಬಳಗ. ಇಬ್ಬರು ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ಒಬ್ಬ ಎಲೆಕ್ಟ್ರಿಷಿಯನ್, ಮೂವರು ಡಿಗ್ರಿ ಓದುವ ಹುಡುಗರು, ಮತ್ತೆ ನಾನು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹೊಲದ ಬದುಗಳಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ಬಿದ್ದಿರುವ ವೀರಗಲ್ಲು (ಕಾದಾಡಿ ಸತ್ತವರ ನೆನಪಿಗೆ ನೆಟ್ಟ ಕಲ್ಲು), ಮಾಸ್ತಿಕಲ್ಲು, ಶಾಸನಗಳನ್ನು ಹುಡುಕಿ ಫೋಟೋ ತೆಗೆದು, ಅವು ಏನು ಹೇಳುತ್ತವೆ ಅಂತ ಆ ಊರವರಿಗೆ ತಿಳಿಸುವುದು ಕೆಲಸ. ಸಂಬಳ ಇಲ್ಲ, ಲಾಭ ಇಲ್ಲ, ಪೆಟ್ರೋಲು ಖರ್ಚು ಮಾತ್ರ ಜಾಸ್ತಿ. ಇಷ್ಟು ದಿನ ಕಲ್ಲಿದ್ದ ಕಡೆ ನಾವು ಹೋಗುತ್ತಿದ್ದೆವು. ಈ ಬೇಸಿಗೆಯಲ್ಲಿ ಜನ ಇದ್ದ ಕಡೆ ಹೋಗೋಣ ಅಂದುಕೊಂಡೆವು. ನಮ್ಮ ಸೀಮೆಯಲ್ಲಿ ಬೇಸಿಗೆ ಅಂದರೆ ಜಾತ್ರೆ, ಮಾರಿಹಬ್ಬ, ಕೊಂಡ ತಾನೇ?

ಮೊದಲನೇ ಜಾತ್ರೆ ಪೂರಾ ಸೋಲು. ಮುಚ್ಚಿಡುವುದು ಯಾಕೆ? ತಿರುಗುವ ತೊಟ್ಟಿಲಿನ ಪಕ್ಕ ಜಾಗ ಸಿಕ್ಕಿತ್ತು. ಒಂದೊಂದು ಬೋರ್ಡಿನ ಮೇಲೂ ಮೊಳದುದ್ದ ಬರೆದಿದ್ದೆವು. ಗಂಗರ ಕಾಲ, ಹೊಯ್ಸಳರ ಕಾಲ, ಲಿಪಿ ಬೆಳೆದು ಬಂದ ದಾರಿ, ಎಲ್ಲ ಇತ್ತು. ಸಾಯಂಕಾಲದವರೆಗೆ ನಮ್ಮ ಹತ್ತಿರ ಬಂದವರು ಯಾರು ಅಂದರೆ, ಕುಡಿಯೋಕೆ ನೀರು ಕೇಳಿದವರು, ಫೋನಿಗೆ ಚಾರ್ಜ್ ಹಾಕಿಕೊಡಿ ಅಂದವರು, ಮತ್ತೆ ಪಕ್ಕಕ್ಕೆ ಕರೆದು ‘ಸ್ವಾಮಿ, ಇದರಲ್ಲಿ ನಿಧಿ ಇರೋದು ಯಾವ ಕಲ್ಲಲ್ಲಿ?’ ಅಂತ ಪಿಸುಗುಟ್ಟಿದ ಒಬ್ಬರು. ಈ ನಿಧಿ ಪ್ರಶ್ನೆ ಆಮೇಲೆ ಎಲ್ಲ ಜಾತ್ರೆಯಲ್ಲೂ ಬಂತು. ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರ ಕೆತ್ತಿರುವುದನ್ನು ನಿಧಿಯ ಗುರುತು ಅಂದುಕೊಂಡು ಅಗೆದು ಬೀಳಿಸಿದವರಿದ್ದಾರೆ. ಸೂರ್ಯ ಚಂದ್ರ ಇರುವ ತನಕ ಈ ಹೆಸರು ಉಳಿಯಲಿ ಅಂತ ಅದರ ಅರ್ಥ. ಇದನ್ನು ಹೇಳಿದರೆ ಆ ಮನುಷ್ಯರ ಮುಖ ಸಪ್ಪಗಾಯಿತು.

ಎರಡನೇ ಜಾತ್ರೆಯಲ್ಲಿ ನಮ್ಮ ಮಗ್ಗುಲಿಗೆ ಬಳೆ ಅಂಗಡಿ ಬಿತ್ತು. ಈ ಬರಹದ ಅರ್ಧ ಕೃತಜ್ಞತೆ ಆ ಅಂಗಡಿಯ ಅಕ್ಕನಿಗೆ. ಮಧ್ಯಾಹ್ನ ವ್ಯಾಪಾರ ಇಲ್ಲದ ಹೊತ್ತಿನಲ್ಲಿ ಬಂದು ಕೇಳಿದರು.

‘ಏನ್ ಮಾರ್ತಿದೀರಪ್ಪ?’

‘ಏನೂ ಮಾರಲ್ಲ ಅಕ್ಕ.’

‘ಮತ್ತೆ ಜಾತ್ರೇಲಿ ಯಾಕ್ ಕುಂತಿದೀರಿ?’

ನಮ್ಮ ಹುಡುಗರು ಪರಂಪರೆ, ಜಾಗೃತಿ ಅಂತ ಏನೋ ಶುರು ಮಾಡಿದರು. ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ ಒಂದರ ಮುಂದೆ ನಿಂತರು. ಕಂಬದಿಂದ ಒಂದು ಕೈ ಮೇಲಕ್ಕೆದ್ದು, ಮೊಣಕೈಯಲ್ಲಿ ಬಾಗಿ, ಅಂಗೈ ತೋರಿಸುತ್ತಿದೆ. ಕೆಳಗೆ ‘ವೀರಗಲ್ಲು’ ಅಂತ ಬರೆದಿತ್ತು.

‘ಇದ್ ಯಾರು ಬರ್ದಿದ್ದು? ಕೈ ತುಂಬ ಬಳೆ ಐತಲ್ಲ. ಗಂಡಸು ಬಳೆ ತೊಡ್ತಾನಾ? ಇದು ಮಾಸ್ತಮ್ಮ ಕಣಪ್ಪ.’

ರಾತ್ರಿ ಹೊತ್ತು ಅವಸರದಲ್ಲಿ ಅಂಟಿಸುವಾಗ ಎರಡು ಫೋಟೋದ ಚೀಟಿ ಅದಲು ಬದಲಾಗಿತ್ತು. ಒಂದೂವರೆ ದಿನ ಎಂಟು ಜನ ಅದರ ಮುಂದೆಯೇ ಕೂತಿದ್ದೆವು, ಒಬ್ಬರಿಗೂ ಕಾಣಲಿಲ್ಲ. ಅಕ್ಕ ಹೇಳಿದ್ದು ನಿಜ. ಗಂಡ ಸತ್ತಾಗ ಜೊತೆಯಲ್ಲೇ ಸತ್ತ ಹೆಂಗಸಿನ ಕಲ್ಲು ಮಾಸ್ತಿಕಲ್ಲು. ಮುತ್ತೈದೆಯಾಗಿಯೇ ಹೋದಳು ಅಂತ ತೋರಿಸಲು ಶಿಲ್ಪಿ ಬಳೆಗಳನ್ನು ಒಂದೊಂದಾಗಿ ಬಿಡಿಸಿ ಕೆತ್ತುತ್ತಾನೆ. ಕೆಲವು ಕಲ್ಲಿನಲ್ಲಿ ಬೆರಳ ನಡುವೆ ನಿಂಬೆಹಣ್ಣೂ ಇರುತ್ತದೆ. ಇದನ್ನೆಲ್ಲ ನಾವು ಪುಸ್ತಕದಲ್ಲಿ ಓದಿದ್ದೆವು. ಅಕ್ಕ ಬಳೆ ನೋಡಿ ಹೇಳಿದರು.

ಆ ಸಂಜೆ ನಮ್ಮ ಅಂಗಡಿ ತಾನಾಗೇ ಬದಲಾಯಿತು. ಬಳೆ ತೊಡಿಸಿಕೊಳ್ಳಲು ಬಂದ ಹೆಂಗಸರಿಗೆಲ್ಲ ಅಕ್ಕ ‘ಅಲ್ಲೋಗಿ ಮಾಸ್ತಮ್ಮನ ಕೈ ನೋಡ್ಕಂಡ್ ಬನ್ನಿ’ ಅನ್ನುತ್ತಿದ್ದರು. ಬಂದವರು ಬಳೆ ಎಣಿಸುತ್ತಿದ್ದರು. ನಾಲ್ಕು ಜನ ಎಣಿಸಿದ ಮೇಲೆ ಐದನೆಯವರು ‘ನಮ್ಮೂರ ಬಾವಿ ಹತ್ರನೂ ಇಂಥದ್ದೊಂದು ಐತೆ’ ಅಂದರು. ನಮಗೆ ಬೇಕಾಗಿದ್ದು ಆ ಮಾತೇ. ಅವತ್ತು ರಾತ್ರಿ ಬೋರ್ಡಿನ ಬರಹವನ್ನೆಲ್ಲ ಕಿತ್ತುಹಾಕಿದೆವು. ಬರೀ ಫೋಟೋ ಇಟ್ಟೆವು, ಒಂದೊಂದಕ್ಕೆ ಒಂದೊಂದೇ ಪ್ರಶ್ನೆ. ಇವಳ ಕೈಯಲ್ಲಿ ಬಳೆ ಎಷ್ಟು? ಈ ದನಗಳನ್ನು ಹೊಡೆದುಕೊಂಡು ಹೋಗುತ್ತಿರುವವರು ಯಾರು? ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು ಅಂತ ಮಕ್ಕಳಿಗೆ ಹೇಳಿದರೆ ಸಾಕು, ಉಳಿದದ್ದು ಅವರೇ ಹೇಳುತ್ತಾರೆ. ಕೆಳಗೆ ಜಗಳ, ನಡುವೆ ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಕೂತಿರುವುದು. ‘ಲಿಫ್ಟಲ್ಲಿ ಹೋದಂಗೆ’ ಅಂದ ಒಬ್ಬ ಪೋರ.

ಎಲ್ಲಕ್ಕಿಂತ ಜಾಸ್ತಿ ಜನ ಸೇರಿಸಿದ್ದು ನಾಯಿ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನ ಫೋಟೋ ನಮ್ಮ ಹತ್ತಿರ ದೊಡ್ಡದಾಗಿ ಇತ್ತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಹೊತ್ತಿನ ಕತೆ. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧ ಆಯಿತು. ಕೃಷ್ಣನ ಕಡೆ ಗಂಗರ ಬೂತುಗ, ಬೂತುಗನ ಕೈಕೆಳಗೆ ಮಣಲೆರ. ಚೆನ್ನಾಗಿ ಕಾದಿದ ಮಣಲೆರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನೆಡಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಹಂದಿ ಮುಖಕ್ಕೆ ಮುಖ ಕೊಟ್ಟು ಕಾದುತ್ತಿವೆ.

ಈ ಕತೆಯನ್ನು ನಾನು ಈ ಬೇಸಿಗೆಯಲ್ಲಿ ಎಷ್ಟು ಸಲ ಹೇಳಿದೆನೋ ಲೆಕ್ಕ ಇಲ್ಲ. ಒಂದು ಕಡೆ ಕುರಿ ಕಾಯುವ ಅಜ್ಜ ಪೂರ್ತಿ ಕೇಳಿ, ‘ಸರೀನೇ ಮಾಡವ್ರೆ’ ಅಂದು ಎದ್ದು ಹೋದರು. ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಎರಡು ದಪ್ಪ ಪುಸ್ತಕಗಳನ್ನು ನಂಬಿ ಕೊಟ್ಟ ಲೈಬ್ರರಿಯವರಿಗೂ ಕೈ ಮುಗಿಯಬೇಕು. ಊರೂರಿನ ಶಾಸನಗಳನ್ನು ಸೇರಿಸಿದ ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಈ ಸಂಪುಟಗಳನ್ನು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಶುರು ಮಾಡಿದ್ದು. ನಮ್ಮ ಸೀಮೆಯ ಶಾಸನಗಳು 1894ರಲ್ಲಿ ಅಚ್ಚಾದವು. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ, 1939ರವರೆಗೆ ನಾವು ಮೈಸೂರು ಜಿಲ್ಲೆಯವರು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿ ಮತ್ತೆ ತಂದಿತು. ಮೇಜಿನ ಮೇಲೆ ಅದನ್ನಿಟ್ಟುಕೊಂಡು ‘ನಿಮ್ಮದು ಯಾವೂರು?’ ಅಂತ ಕೇಳುತ್ತಿದ್ದೆವು. ಊರು ಸಿಕ್ಕರೆ ಓದಿ ಹೇಳುವುದು. ಕಲ್ಲು ಎಲ್ಲಿದೆ ಅನ್ನುವುದನ್ನು ಆ ಪುಸ್ತಕದಲ್ಲಿ ಇಂಥವರ ಹೊಲದಲ್ಲಿ, ಇಂಥ ಗುಡಿಯ ಎಡಕ್ಕೆ ಅಂತ ಬರೆದಿರುತ್ತಾರೆ. ಒಂದು ಊರಿನ ಹೆಸರಿನ ಕೆಳಗೆ ಪಟೇಲರ ಹೊಲ ಅಂತ ಬಂತು. ಯಾವ ಪಟೇಲರು ಅಂತ ಅಲ್ಲೇ ಮೂರು ಜನ ಹಿರಿಯರ ನಡುವೆ ವಾದ ಹತ್ತಿಕೊಂಡಿತು. ಮಾರನೇ ಬೆಳಗ್ಗೆ ಅವರಲ್ಲೊಬ್ಬರು ನಮ್ಮನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದರು. ಆ ಹೊಲ ಮೂರು ಕೈ ಬದಲಾಗಿ ಈಗ ಕಬ್ಬಿನ ಗದ್ದೆ. ಕಲ್ಲು ಕಾಲುವೆಗೆ ಅಡ್ಡ ಹಾಕಿದ ಚಪ್ಪಡಿಯಾಗಿತ್ತು. ಮಗುಚಿ ನೋಡಿದರೆ ಅಕ್ಷರ ಗಟ್ಟಿಮುಟ್ಟಾಗಿ ಕೂತಿದೆ. ಇಷ್ಟು ವರ್ಷ ಮುಖ ಕೆಳಗಾಗಿ ಮಲಗಿದ್ದೇ ಅದನ್ನು ಉಳಿಸಿತ್ತು. ನಾವು ಏನೂ ಕೇಳುವ ಮೊದಲೇ ಗದ್ದೆಯವರು ‘ಬೇರೆ ಚಪ್ಪಡಿ ಹಾಕ್ಕೋತೀನಿ, ಇದನ್ನ ಗುಡಿ ಮುಂದೆ ನಿಲ್ಲಿಸ್ರಿ’ ಅಂದರು. ಟ್ರ್ಯಾಕ್ಟರ್ ಕೊಟ್ಟವರು, ಹಗ್ಗ ತಂದವರು, ‘ಎಳೀರೋ’ ಅಂತ ಬರೀ ಕೂಗಿದವರು, ನಿಮಗೆಲ್ಲ ದೊಡ್ಡ ನಮಸ್ಕಾರ.

ಇನ್ನೊಂದು ರಾತ್ರಿಯನ್ನು ಮರೆಯುವ ಹಾಗಿಲ್ಲ. ಕೊಂಡ ಹಾಯುವ ಜಾತ್ರೆ. ಕೊಂಡಕ್ಕೆ ಇನ್ನೂ ಎರಡು ಗಂಟೆ ಇತ್ತು, ಗುಡಿಯ ಮುಂದೆ ಜನ ಕೂತಿದ್ದರು. ಅಲ್ಲೇ ಒಂದು ಕಲ್ಲು, ಹಗಲಲ್ಲಿ ನೋಡಿದರೆ ಬೋಳು ಬಂಡೆ. ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಪೂಜಾರಿಗಳನ್ನು ಕೇಳಿಕೊಂಡು ಅಲ್ಲಿದ್ದ ಒಂದು ಬಲ್ಬು ಆರಿಸಿದ. ಟಾರ್ಚನ್ನು ಕಲ್ಲಿಗೆ ತಾಗಿಸಿ ಅಡ್ಡಡ್ಡ ಹಿಡಿದ. ಬೆಳಕು ಓರೆಯಾಗಿ ಬಿದ್ದರೆ ಸವೆದ ಗೆರೆಯಲ್ಲೂ ನೆರಳು ನಿಲ್ಲುತ್ತದೆ. ಸಾಲು ಸಾಲಾಗಿ ಅಕ್ಷರ ಎದ್ದು ಬಂದವು. ಜನ ಸದ್ದಿಲ್ಲದೆ ನೋಡುತ್ತಿದ್ದರು. ವಿಜಯನಗರ ಕಾಲದ ಬರಹ ಈಗಿನ ಕನ್ನಡಕ್ಕೆ ಹತ್ತಿರ, ಸ್ವಲ್ಪ ಕಷ್ಟಪಟ್ಟರೆ ಅಲ್ಲೊಂದು ಇಲ್ಲೊಂದು ಅಕ್ಷರ ಹಿಡಿಯಬಹುದು. ಐದನೇ ಕ್ಲಾಸಿನ ಒಬ್ಬಳು ಮಂಡಿಯೂರಿ ಕೂತು ಬೆರಳಿಟ್ಟು ‘ಶ್ರೀ’ ಅಂದಳು. ಹಿಂದಿನಿಂದ ಅವಳ ಅಜ್ಜಿ ‘ಇನ್ನೊಂದ್ ಸಲ ಓದವ್ವ’ ಅಂದರು. ಓದಿದಳು. ಮೈಕಿನಲ್ಲಿ ಹರಕೆಯವರ ಹೆಸರು ಕೂಗುತ್ತಿದ್ದ ಯಜಮಾನರು ನಡುವೆ ‘ಕಲ್ಲು ಓದೋರು ಬಂದವ್ರೆ, ಬೇಕಾದೋರು ಹೋಗಿ ನೋಡಿ’ ಅಂತ ತಾವಾಗೇ ಸೇರಿಸಿದರು. ಹಿಂದಿನ ಪ್ರಕಟಣೆ ಕಳೆದುಹೋದ ಮಗುವಿನದು, ಮುಂದಿನದು ಟ್ರ್ಯಾಕ್ಟರ್ ದಾರಿಗೆ ಅಡ್ಡ ನಿಂತಿದ್ದು. ನಡುವೆ ನಮ್ಮದು. ಅಂಥ ಜಾಗ ಸಿಕ್ಕಿದ್ದೇ ಪುಣ್ಯ.

ಬೇಸಿಗೆ ಶಿಬಿರಗಳೂ ಮೂರು ಆದವು. ಒಂದು ರೂಪಾಯಿ ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲು ಉಜ್ಜುವುದರಿಂದ ಶುರು ಮಾಡಿ, ಒದ್ದೆ ಕಾಗದವನ್ನು ಬ್ರಶ್ಶಿನಲ್ಲಿ ಬಡಿದು, ಮಸಿ ಒತ್ತಿ ಶಾಸನದ ಅಚ್ಚು ತೆಗೆಯುವುದು ಹೇಗೆ ಅಂತ ತೋರಿಸಿದೆವು. ಅಂಗಿಗೆಲ್ಲ ಮಸಿ ಮಾಡಿಕೊಂಡು ಹೋದ ಮಕ್ಕಳ ಅಮ್ಮಂದಿರಿಗೆ ಕೃತಜ್ಞತೆ ಅಲ್ಲ, ಕ್ಷಮೆ ಕೇಳಬೇಕು.

ಈಗ ಟಾರ್ಪಾಲಿನ ವಿಷಯ. ಆರನೇ ಜಾತ್ರೆಯ ಹೊತ್ತಿಗೆ ಬಳೆ ಅಕ್ಕ ನಮಗೆ ಮನೆಯವರ ಹಾಗೆ ಆಗಿಹೋಗಿದ್ದರು. ಅವರದೂ ನಮ್ಮದೂ ಒಂದೇ ದಾರಿ, ಈ ಜಾತ್ರೆಯಿಂದ ಆ ಜಾತ್ರೆಗೆ. ಭರಣಿ ಮಳೆ ಸುರಿದರೆ ಧರಣಿ ಬದುಕೀತು ಅಂತಾರೆ. ಧರಣಿ ಬದುಕಿತು, ನಾವು ಮಾತ್ರ ಮುಳುಗಿದೆವು. ನಾಲ್ಕು ಗಂಟೆಗೆ ಗಾಳಿ ಎದ್ದಿತು. ನಮ್ಮ ಬಟ್ಟೆ ಡೇರೆ ಗೂಟ ಸಮೇತ ಕಿತ್ತುಕೊಂಡು ಹೋಯಿತು. ಕಾಳಿಯ ಫೋಟೋ ಹಾರಿ ಪಾನಿಪುರಿ ಗಾಡಿಗೆ ಅಂಟಿಕೊಂಡಿತು. ಮೇಜಿನ ಮೇಲೆ ಲೈಬ್ರರಿಯ ಆ ಎರಡು ಸಂಪುಟ. ನಾನು ಅಂಗಿ ಬಿಚ್ಚಿ ಮುಚ್ಚೋಣ ಅಂತ ಒದ್ದಾಡುತ್ತಿದ್ದರೆ, ಅಕ್ಕ ತಮ್ಮ ಬಳೆ ಡಬ್ಬಗಳ ಮೇಲೆ ಹೊದಿಸಿದ್ದ ನೀಲಿ ಟಾರ್ಪಾಲು ಎಳೆದು ತಂದು ಪುಸ್ತಕಗಳನ್ನು ಕೂಸಿನ ಹಾಗೆ ಸುತ್ತಿದರು.

‘ಅಕ್ಕ, ನಿಮ್ಮ ಮಾಲು!’

‘ಬಳೆ ನೆಂದ್ರೆ ಒರೆಸ್ಕೋಬೋದು. ಪುಸ್ತಕ ನೆಂದ್ರೆ ಏನ್ ಮಾಡ್ತೀಯ?’

ಗಾಜಿನ ಬಳೆ ಒರೆಸಿಕೊಳ್ಳಬಹುದು, ನಿಜ. ಆದರೆ ಅವನ್ನು ಪೋಣಿಸಿದ್ದ ರಟ್ಟೆಲ್ಲ ಮುದ್ದೆಯಾಗಿತ್ತು. ಜರಿ ಹಚ್ಚಿದ ಬಳೆಗಳ ಬಣ್ಣ ಹೋಗಿತ್ತು. ಅದನ್ನು ಅಕ್ಕ ನಮಗೆ ಹೇಳಲಿಲ್ಲ. ಎರಡು ಜಾತ್ರೆ ಆದಮೇಲೆ ಪಕ್ಕದ ಬೆಂಡು ಬತ್ತಾಸಿನ ಅಂಗಡಿಯವರು ಹೇಳಿದರು. ನಾವು ದುಡ್ಡು ಕೊಡಲು ಹೋದರೆ, ‘ಮಾಸ್ತಮ್ಮನ ಲೆಕ್ಕಕ್ಕೆ ಬರ್ಕೊ’ ಅಂದು ನಕ್ಕುಬಿಟ್ಟರು.

ಅವತ್ತು ನೆನೆದ ಫೋಟೋಗಳನ್ನು ಅರ್ಧ ಬೆಲೆಗೆ ಮತ್ತೆ ಅಚ್ಚು ಹಾಕಿಕೊಟ್ಟ ಸ್ಟುಡಿಯೋ ಅಣ್ಣನಿಗೆ, ಮುರಿದ ಡೇರೆಗೆ ಬದಲು ಶಾಮಿಯಾನದ ತುಂಡು ಕೊಟ್ಟು ಬಾಡಿಗೆ ಬೇಡ ಅಂದವರಿಗೆ, ಒಂಬತ್ತು ಊರಿನಲ್ಲೂ ನಮ್ಮನ್ನು ಪಂಕ್ತಿಯಲ್ಲಿ ಕೂರಿಸಿ ಬಡಿಸಿದವರಿಗೆ, ಬೈಕಿನ ಪಂಕ್ಚರ್ ಹಾಕುತ್ತಾ ತಮ್ಮೂರಿನ ಕಲ್ಲಿನ ಗುರುತು ಹೇಳಿದ ಸಾಬರಿಗೆ, ನಮ್ಮ ತಲೆ ನೋಡಿ ನಿಧಿ ತೆಗೆಯುವವರು ಅಂತ ಅನುಮಾನಪಟ್ಟು ಪ್ರಶ್ನೆ ಕೇಳಿದ ಊರಿನ ಹುಡುಗರಿಗೂ ಸೇರಿಸಿ ನಮಸ್ಕಾರ. ಆ ಹುಡುಗರು ಮಾಡಿದ್ದು ಸರಿ. ಇನ್ನು ಮುಂದೆಯೂ ಯಾರೇ ಬಂದು ಕಲ್ಲು ಮುಟ್ಟಿದರೂ ಹಾಗೇ ಕೇಳಿ.

ಅಕ್ಕ, ಟಾರ್ಪಾಲು ತೊಳೆದು ಒಣಗಿಸಿ ಮಡಚಿಟ್ಟಿದ್ದೇನೆ. ಮೂಲೆಯಲ್ಲಿ ಕಿತ್ತುಹೋಗಿದ್ದ ರಿಂಗು ಹಾಕಿಸಿದ್ದೇನೆ. ಮುಂದಿನ ಸಂತೆಯ ದಿನ ನಿಮ್ಮೂರಿಗೇ ತಂದುಕೊಡುತ್ತೇನೆ. ನಮ್ಮ ಮನೆಯವಳಿಗೆ ಹಸಿರು ಗಾಜಿನ ಬಳೆ ಎರಡು ಡಜನ್, ಎರಡು ಆರು ಸೈಜು, ತೆಗೆದಿಟ್ಟಿರಿ. ಈ ಸಲ ದುಡ್ಡು ಬೇಡ ಅನ್ನಬೇಡಿ.