ಭಾನುವಾರದ ಓದಿಗೆ ಮುನ್ನ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಹನ್ಯಾ ಯನಗಿಹಾರಾ ಅವರ 2015ರ ಕಾದಂಬರಿ 'ಎ ಲಿಟಲ್ ಲೈಫ್'. 700 ಪುಟ ದಾಟುತ್ತೆ, ಮುಗಿಸದಿದ್ದರೂ ಬನ್ನಿ. ಮೊದಲೇ ಹೇಳಿಬಿಡ್ತೀನಿ: ಬಾಲ್ಯದ ಲೈಂಗಿಕ ದೌರ್ಜನ್ಯ, ಮೈ ಕೊಯ್ದುಕೊಳ್ಳೋದು ಎಲ್ಲ ಇದೆ. ಬೇಡ ಅನಿಸಿದವರು ಬರದಿದ್ದರೆ ಪರವಾಗಿಲ್ಲ, ಯಾಕೆ ಅಂತ ಯಾರೂ ಕೇಳಕೂಡದು.

ನನ್ನನ್ನು ಕಾಡಿದ್ದು ಕಥಾನಾಯಕ ಜೂಡ್‌ನ ತುಂಬು ತೋಳಿನ ಅಂಗಿ. ನ್ಯೂಯಾರ್ಕಿನ ಸೆಕೆಯಲ್ಲೂ ಅದೇ. ಅವನ ಮೂವರು ಗೆಳೆಯರು ವರ್ಷಗಟ್ಟಲೆ ನೋಡಿಯೂ ಬಾಯಿಬಿಟ್ಟು ಕೇಳೋದಿಲ್ಲ. ಅದು ಮರ್ಯಾದೆಯೋ, ಹೆದರಿಕೆಯೋ? ಮತ್ತೆ ಆ ದುಡ್ಡು! ನಾಲ್ವರೂ ದೊಡ್ಡ ಹೆಸರು ಮಾಡ್ತಾರೆ. ಕರೆದರೆ ನೋಡೋಕೆ ಡಾಕ್ಟರ್ ಗೆಳೆಯ ಆಂಡಿ ಬೇರೆ (ನಮಗೆಲ್ಲಿ ಸಿಗಬೇಕು). ಅಷ್ಟಿದ್ದೂ ಗಾಯ ಮಾಯೋದಿಲ್ಲ. ಇದರ ಮೇಲೇ ಜಗಳ ಆಡೋಣ.

ಕೊನೆ ಏನಾಯ್ತು ಅಂತ ಇಲ್ಲಿ ಹಾಕಬೇಡಿ, ಇಬ್ಬರು ಇನ್ನೂ 300ನೇ ಪುಟದಲ್ಲಿದ್ದಾರೆ.