ಫೆನ್ಸಿಂಗ್ ಲೆಸನ್ ದುಡ್ಡಿಗೆ ಒಂದು ರಸೀದಿ ಕೊಡಿ

ಸಂಪಾದಕರಿಗೆ ನಮಸ್ಕಾರ,

ನನ್ನ ಮಗಳಿಗೆ 13 ವರ್ಷ, ನಾಲ್ಕು ವರ್ಷದಿಂದ ಬೆಂಗಳೂರಿನ ಒಂದು ಕ್ಲಬ್‌ನಲ್ಲಿ ಫೆನ್ಸಿಂಗ್, ಅಂದ್ರೆ ಕತ್ತಿ ಹಿಡಿದು ಆಡೋ ಆಟ ಕಲೀತಿದ್ದಾಳೆ, ಅದರ ಮೂರು ಥರದ ಕತ್ತಿಯಲ್ಲಿ ಎಪೇ ಅನ್ನೋದರಲ್ಲಿ ಆಡ್ತಾಳೆ. ಈ ಆಟಕ್ಕೆ ಡ್ರೆಸ್ಸು ಮಾಸ್ಕು ಬ್ಲೇಡು ಅಂತ ಖರ್ಚು ಜಾಸ್ತಿ ಅನ್ನೋದು ಸೇರಿಸೋ ಮುಂಚೆನೇ ಗೊತ್ತಿತ್ತು, ಅದರ ಬಗ್ಗೆ ತಕರಾರಿಲ್ಲ, ಅಂಗಡಿಯವರು ಬಿಲ್ ಕೊಡ್ತಾರೆ. ನಾನು ಬರೀತಿರೋದು ಪ್ರೈವೇಟ್ ಲೆಸನ್ ದುಡ್ಡಿನ ಬಗ್ಗೆ, ಯಾಕಂದ್ರೆ ನಾಲ್ಕು ವರ್ಷ ಆದ್ರೂ ಆ ದುಡ್ಡು ಯಾರಿಗೆ ಹೋಗುತ್ತೆ ಯಾವ ಲೆಕ್ಕದಲ್ಲಿ ಹೋಗುತ್ತೆ ಅಂತ ನನಗೆ ಸರಿಯಾಗಿ ಗೊತ್ತಿಲ್ಲ, ಬೇರೆ ಪೇರೆಂಟ್ಸ್‌ನ ಕೇಳಿದ್ರೆ ಅವರಿಗೂ ಗೊತ್ತಿಲ್ಲ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಗ್ರೂಪ್ ಕ್ಲಾಸ್‌ನಲ್ಲಿ ಇಪ್ಪತ್ತು ಮಕ್ಕಳು ಫುಟ್‌ವರ್ಕ್ ಮಾಡ್ತಾರೆ, ಆಮೇಲೆ ಒಬ್ಬರ ಜೊತೆ ಒಬ್ಬರು ಆಡ್ತಾರೆ. ಪ್ರೈವೇಟ್ ಅಂದ್ರೆ ಕೋಚ್ ತೋಳಿಗೆ ಎದೆಗೆ ದಪ್ಪ ಲೆದರ್ ಹಾಕ್ಕೊಂಡು ಮಗುವಿನ ಎದುರು ನಿಂತು 20 ನಿಮಿಷ ತಾನೇ ಬ್ಲೇಡ್ ಹಿಡಿದು ಕಲಿಸೋದು. ಯಾವಾಗ ಕೈ ಮುಂದೆ ಚಾಚಬೇಕು, ಎಷ್ಟು ದೂರದಿಂದ ಲಂಜ್ ಹೊಡೀಬೇಕು ಅಂದ್ರೆ ಮುಂಗಾಲು ಚಾಚಿ ಮುನ್ನುಗ್ಗಬೇಕು, ಎದುರಿನವರ ಬ್ಲೇಡ್ ತಡೆದು ಅದೇ ಉಸಿರಲ್ಲಿ ಹೇಗೆ ವಾಪಸ್ ಹೊಡೀಬೇಕು ಅನ್ನೋದೆಲ್ಲ ಕೈಯಿಂದ ಕೈಗೇ ಬರಬೇಕು, ದೂರ ನಿಂತು ಕೂಗಿ ಹೇಳಿದ್ರೆ ಬರಲ್ಲ. ವಾರಕ್ಕೆ ಎರಡು ಲೆಸನ್ ಸಿಕ್ಕಿದ ಮಗುಗೂ ಒಂದೂ ಸಿಗದ ಮಗುಗೂ ಆರು ತಿಂಗಳಲ್ಲಿ ಎಷ್ಟು ವ್ಯತ್ಯಾಸ ಬರುತ್ತೆ ಅಂತ ನಾನೇ ಪಿಸ್ಟ್, ಅಂದ್ರೆ ಅವರು ಆಡೋ ಉದ್ದ ಪಟ್ಟಿ ಪಕ್ಕ ಕೂತು ನೋಡಿದ್ದೀನಿ. ಸೀರಿಯಸ್ ಆಗಿ ಆಡೋ ಮಗುಗೆ ಇದು ಬೇಕೇ ಬೇಕು.

ನಮ್ಮ ಕ್ಲಬ್‌ನಲ್ಲಿ ತಿಂಗಳ ಫೀಸು 4,500, ಅದು ಕ್ಲಬ್ ಅಕೌಂಟ್‌ಗೆ ಹೋಗುತ್ತೆ, ರಸೀದಿನೂ ಬರುತ್ತೆ. ಪ್ರೈವೇಟ್‌ಗೆ ಒಂದು ಲೆಸನ್‌ಗೆ 700, ವಾರಕ್ಕೆ ಎರಡು ಅಂದ್ರೆ ತಿಂಗಳಿಗೆ 5,600, ಅಂದ್ರೆ ಫೀಸಿಗಿಂತ ಜಾಸ್ತಿ. ಈ ದೊಡ್ಡ ದುಡ್ಡಿಗೇ ಕಾಗದ ಇಲ್ಲ, ಕೋಚ್ ಫೋನ್ ನಂಬರ್‌ಗೆ ಯುಪಿಐ ಮಾಡಬೇಕು ಅಥವಾ ಕ್ಯಾಶ್ ಕೊಡಬೇಕು.

ಹೋದ ವರ್ಷ ಹತ್ತು ಲೆಸನ್ ಒಟ್ಟಿಗೆ ತಗೊಂಡ್ರೆ 6,500 ಅಂದ್ರು, ಕೊಟ್ಟೆ. ನಾಲ್ಕು ಲೆಸನ್ ಆದ್ಮೇಲೆ ಕೋಚ್ ಕೆಲಸ ಬಿಟ್ಟು ಬೇರೆ ಊರಿಗೆ ಹೋದ್ರು. ಉಳಿದ ಆರು ಲೆಸನ್ ದುಡ್ಡು 3,900 ಕೇಳಿದ್ರೆ, ಮೇಡಂ ನೀವು ಅವರ ಪರ್ಸನಲ್ ನಂಬರ್‌ಗೆ ಹಾಕಿದ್ದೀರ ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತ ಕ್ಲಬ್‌ನವರು ಹೇಳಿದ್ರು, ಕೋಚ್‌ಗೆ ಫೋನ್ ಮಾಡಿದ್ರೆ ಅದರಲ್ಲಿ ಅರ್ಧ ಮೊದಲ ದಿನಾನೇ ಕ್ಲಬ್‌ಗೆ ಕಟ್ಟಿದ್ದೀನಿ ಅವರನ್ನೇ ಕೇಳಿ ಅಂದ್ರು. ಇಬ್ಬರಲ್ಲಿ ಯಾರು ಹೇಳಿದ್ದು ನಿಜ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ತೋರಿಸೋಕೆ ನನ್ನ ಹತ್ರ ಇದ್ದಿದ್ದು ಫೋನಲ್ಲಿರೋ ಒಂದು ಸ್ಕ್ರೀನ್‌ಶಾಟ್ ಅಷ್ಟೇ.

ಆ ಕೋಚ್ ಮೇಲೆ ನನಗೆ ಸಿಟ್ಟಿಲ್ಲ, ಇದನ್ನ ಮನಸ್ಸಿಂದ ಹೇಳ್ತಿದ್ದೀನಿ. ಬೆಳಿಗ್ಗೆ ಆರು ಗಂಟೆಗೆ ಬರ್ತಿದ್ರು, ರಾತ್ರಿ ಒಂಬತ್ತಾದ್ರೂ ಇರ್ತಿದ್ರು, ದಿನಕ್ಕೆ ಹತ್ತು ಹನ್ನೆರಡು ಮಕ್ಕಳ ಬ್ಲೇಡ್ ಏಟು ಮೈ ಮೇಲೆ ತಗೋತಿದ್ರು, ತೋಳ ತುಂಬ ನೀಲಿ ಗುರುತು. ಸಂಬಳದಲ್ಲಿ ಬಾಡಿಗೆ ಕಟ್ಟಿದ್ರೆ ಏನೂ ಉಳಿಯಲ್ಲ, ಪ್ರೈವೇಟ್ ದುಡ್ಡಲ್ಲೇ ಮನೆ ನಡೀಬೇಕು ಅಂತ ಒಂದ್ಸಲ ಅವರೇ ಹೇಳಿದ್ರು. ಅಂಥವರಿಗೆ ಪೇರೆಂಟ್ಸ್ ಹತ್ರ ದುಡ್ಡು ಕೇಳೋ ಕೆಲಸಾನೂ ಹಚ್ಚೋದು ಸರಿಯಲ್ಲ. ಕಲಿಸೋರಿಗೂ ಅದು ಮುಜುಗರ, ಕೊಡೋ ನಮಗೂ ಮುಜುಗರ, ಚೌಕಾಸಿ ಮಾಡಿದ್ರೆ ನಾಳೆ ಮಗುಗೆ ಕಡಿಮೆ ಗಮನ ಕೊಡ್ತಾರೇನೋ ಅಂತ ಭಯ ಬೇರೆ.

ಈ ಭಯ ಸುಮ್ನೆ ಅಲ್ಲ. ಒಂದು ಟೂರ್ನಮೆಂಟ್‌ಗೆ ಬೇರೆ ಊರಿಗೆ ಹೋಗಿದ್ವಿ, ಕೋಚ್ ಟ್ರೈನ್ ಚಾರ್ಜು ಲಾಡ್ಜು ಊಟ ಎಲ್ಲ ಪೇರೆಂಟ್ಸ್ ಹಂಚ್ಕೋಬೇಕು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು, ಒಂದು ಮನೆಯವರಿಗೆ ಆ ತಿಂಗಳು ಕೊಡೋಕೆ ಆಗಿರಲಿಲ್ಲ. ಎಪೇ ನಾಕೌಟ್ ಮ್ಯಾಚ್‌ನಲ್ಲಿ ಮೂರು ಮೂರು ನಿಮಿಷದ ಮೂರು ಪೀರಿಯಡ್ ಇರುತ್ತೆ, ಮಧ್ಯದಲ್ಲಿ ಒಂದು ನಿಮಿಷ ಬ್ರೇಕ್, ಆ ಒಂದು ನಿಮಿಷದಲ್ಲಿ ಕೋಚ್ ಹತ್ರ ಬಂದು ಮಾತಾಡಬಹುದು. ದುಡ್ಡು ಕೊಡೋಕಾಗದ ಆ ಮನೆ ಹುಡುಗಿ ಎರಡು ಪಾಯಿಂಟ್ ಹಿಂದೆ ಇದ್ಲು, ಮಾಸ್ಕ್ ತೆಗೆದು ನಮ್ಮ ಕಡೆ ನೋಡ್ತಾ ನಿಂತಿದ್ಲು, ಯಾರೂ ಹೋಗ್ಲಿಲ್ಲ. ಕೋಚ್ ಆಗ ದುಡ್ಡು ಕೊಟ್ಟ ಇನ್ನೊಂದು ಮಗು ಹತ್ರ ಇದ್ರು. ನಾನೇ ಓಡಿ ಹೋಗಿ ನೀರಿನ ಬಾಟಲ್ ಕೊಟ್ಟು ಬಂದೆ, ಆಟದ ಬಗ್ಗೆ ಹೇಳೋಕೆ ನನಗೇನು ಬರುತ್ತೆ. ಅವಳು ಈಗ ಕ್ಲಬ್‌ಗೆ ಬರ್ತಿಲ್ಲ.

ಹೊರದೇಶದಲ್ಲಿ ಎಲ್ಲ ಸರಿ ಇದೆ ಅಂತಾನೂ ನಾನು ಹೇಳಲ್ಲ. ಅಮೆರಿಕದಲ್ಲಿ ಹಾರ್ವರ್ಡ್ ಯೂನಿವರ್ಸಿಟಿ ಫೆನ್ಸಿಂಗ್ ಕೋಚ್ ಮನೆಯನ್ನ 2016ರಲ್ಲಿ ಒಬ್ಬ ಆಟಗಾರನ ತಂದೆ ಅದರ ಸರ್ಕಾರಿ ಬೆಲೆಗಿಂತ ಎಷ್ಟೋ ಜಾಸ್ತಿ ಕೊಟ್ಟು, ಸುಮಾರು 10 ಲಕ್ಷ ಡಾಲರ್‌ಗೆ ಕೊಂಡ್ಕೊಂಡಿದ್ರು, ವಿಷಯ ಹೊರಗೆ ಬಂದ್ಮೇಲೆ 2019ರಲ್ಲಿ ಯೂನಿವರ್ಸಿಟಿ ಆ ಕೋಚ್‌ನ ಕೆಲಸದಿಂದ ತೆಗೀತು. ಮಕ್ಕಳಿಗೆ ಸೀಟು ಸಿಗೋಕೆ ಕೊಟ್ಟ ಲಂಚ ಅಂತ ಕೇಸೂ ಆಯ್ತು, 2022ರಲ್ಲಿ ಕೋರ್ಟ್ ಇಬ್ಬರನ್ನೂ ನಿರ್ದೋಷಿಗಳು ಅಂತ ಬಿಡ್ತು, ಅದನ್ನೂ ಹೇಳಲೇಬೇಕು. ಆದ್ರೆ ಪೇರೆಂಟ್‌ಗೂ ಕೋಚ್‌ಗೂ ಮಧ್ಯೆ ನೇರವಾಗಿ ದುಡ್ಡು ಓಡಾಡಿದ್ರೆ, ತಪ್ಪು ಮಾಡದೇ ಇದ್ದವರೂ ಎಷ್ಟು ವರ್ಷ ಅನುಮಾನದಲ್ಲಿ ಬದುಕಬೇಕಾಗುತ್ತೆ ನೋಡಿ. ನಮ್ಮಲ್ಲೂ ಪ್ರೈವೇಟ್ ಹೇಳ್ಕೊಡೋ ಕೋಚೇ ಸೆಲೆಕ್ಷನ್ ದಿನ ಪೆನ್ನು ಹಿಡ್ಕೊಂಡು ಕೂತಿದ್ರೆ, ಅವರು ಎಷ್ಟೇ ನ್ಯಾಯವಾಗಿ ನಡ್ಕೊಂಡ್ರೂ ಸೋತ ಮಗು ಮನೆಯವರು ನಂಬಲ್ಲ.

ಅದೇ ಅಮೆರಿಕದ ಒಂದು ವಿಷಯ ನನಗೆ ತುಂಬ ಹಿಡಿಸ್ತು. ನನ್ನ ನಾದಿನಿ ಮಗ ನ್ಯೂಜೆರ್ಸಿಯಲ್ಲಿ ಫೆನ್ಸಿಂಗ್ ಮಾಡ್ತಾನೆ. ಅಲ್ಲಿ ಲೆಸನ್ ಬುಕ್ ಮಾಡೋದು ಕ್ಲಬ್ ವೆಬ್‌ಸೈಟ್‌ನಲ್ಲಿ, ದುಡ್ಡು ಕ್ಲಬ್‌ಗೆ, ಯಾವ ಕೋಚ್‌ಗೆ ಎಷ್ಟು ರೇಟು ಅಂತ ಮೊದಲೇ ಬರೆದಿರ್ತಾರೆ, ಹಿಂದಿನ ದಿನದೊಳಗೆ ಕ್ಯಾನ್ಸಲ್ ಮಾಡಿದ್ರೆ ಲೆಸನ್ ಉಳಿಯುತ್ತೆ, ಲೇಟಾದ್ರೆ ಹೋಗುತ್ತೆ. ಜೊತೆಗೆ ಅಲ್ಲಿನ ಫೆನ್ಸಿಂಗ್ ಸಂಸ್ಥೆ ನಿಯಮದಲ್ಲಿ ಚಿಕ್ಕ ಮಕ್ಕಳಿಗೆ ಒಬ್ಬೊಬ್ಬರಿಗೇ ಲೆಸನ್ ಕೊಡೋದಾದ್ರೆ ಬೇರೆಯವರ ಕಣ್ಣಿಗೆ ಕಾಣೋ ಜಾಗದಲ್ಲೇ ಕೊಡಬೇಕು. ಲೆಸನ್ ಕ್ಲಬ್ ಲೆಕ್ಕದಲ್ಲಿ ಬಂದ್ರೆ ಇದೂ ತಾನಾಗೇ ಸರಿಹೋಗುತ್ತೆ, ಯಾವ ಮಗು ಎಷ್ಟು ಗಂಟೆಗೆ ಯಾರ ಹತ್ರ ಇತ್ತು ಅನ್ನೋದು ಪುಸ್ತಕದಲ್ಲಿ ಇರುತ್ತೆ. ಹೆಣ್ಣು ಮಗು ತಾಯಿಯಾಗಿ ನನಗೆ ದುಡ್ಡಿಗಿಂತ ಇದೇ ಮುಖ್ಯ.

ಇನ್ನು ದುಡ್ಡೇ ಇಲ್ಲದ ಮಕ್ಕಳ ವಿಷಯ. ಚೆನ್ನೈನ ಭವಾನಿ ದೇವಿ ಭಾರತದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ಫೆನ್ಸರ್, 2021ರಲ್ಲಿ ಟೋಕಿಯೋದಲ್ಲಿ ಮೊದಲ ಮ್ಯಾಚ್ 15-3ರಲ್ಲಿ ಗೆದ್ದಾಗ ನಮ್ಮ ಮನೇಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದಿದ್ವಿ. ಅವರು ಆಟದಲ್ಲಿ ಬೆಳೆದಿದ್ದು ಕೇರಳದ ತಲಶ್ಶೇರಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಸೆಂಟರ್‌ನಲ್ಲಿ, ಅಲ್ಲಿ ಕೋಚ್ ಸಂಬಳ ಸರ್ಕಾರದ್ದು. ಆಮೇಲೆ ಇಟಲಿಗೆ ಹೋಗಿ ಕಲಿಯೋಕೆ ಆಟಗಾರರಿಗೆ ನೆರವು ಕೊಡೋ ನಮ್ಮ ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಶನ್ ಥರದ ಸಂಸ್ಥೆಯವರು ನೆರವಾದ್ರು. ಖೇಲೋ ಇಂಡಿಯಾಗೆ ಸೆಲೆಕ್ಟ್ ಆದ ಮಕ್ಕಳಿಗೆ ತಿಂಗಳಿಗೆ 10,000 ಕೈಖರ್ಚಿಗೆ ಸಿಗುತ್ತೆ, ಒಳ್ಳೇದೇ, ಆದ್ರೆ ಅಲ್ಲಿವರೆಗೆ ತಲುಪೋಕೆ ಬೇಕಾದ ಲೆಸನ್‌ಗಳಿಗೆ ಯಾರು ಕೊಡ್ತಾರೆ? ನಮ್ಮ ಕ್ಲಬ್‌ಗೆ ಒಬ್ಬ ಆಟೋ ಡ್ರೈವರ್ ಮಗ ಬರ್ತಿದ್ದ, ಕಾಲು ಚಿರತೆ ಥರ ಓಡೋದು. ಅವರ ಅಪ್ಪ ಒಂದಿನ ನನ್ನ ಕರೆದು, ಅಕ್ಕಾ ಈ ಪ್ರೈವೇಟ್‌ಗೆ ಎಷ್ಟಾಗುತ್ತೆ, ಯಾರನ್ನ ಕೇಳಬೇಕು ಅಂದ್ರು. ಕೇಳೋದಕ್ಕೇ ಅಷ್ಟು ಸಂಕೋಚ ಪಟ್ಟಿದ್ರು. ಗೋಡೆ ಮೇಲೆ ಒಂದು ರೇಟ್ ಬೋರ್ಡ್ ಇದ್ದಿದ್ರೆ ಅವರು ಯಾರ ಮುಂದೆನೂ ತಲೆ ತಗ್ಗಿಸಬೇಕಾಗಿರಲಿಲ್ಲ.

ಹಾಗಾಗಿ ನಮ್ಮ ರಾಜ್ಯದ ಫೆನ್ಸಿಂಗ್ ಸಂಸ್ಥೆಯವರಿಗೂ ಕ್ರೀಡಾ ಇಲಾಖೆಯವರಿಗೂ ನಿಮ್ಮ ಪೇಪರ್ ಮೂಲಕ ಕೇಳ್ಕೋತಿದ್ದೀನಿ. ಪ್ರೈವೇಟ್ ಲೆಸನ್ ದುಡ್ಡು ಕ್ಲಬ್ ಅಕೌಂಟ್‌ಗೇ ಹೋಗ್ಲಿ, ಅದರಲ್ಲಿ ಕೋಚ್‌ಗೆ ಎಷ್ಟು ಪಾಲು ಅಂತ ಬರವಣಿಗೆಯಲ್ಲಿ ಇರ್ಲಿ, ಆ ಪಾಲು ದೊಡ್ಡದೇ ಇರ್ಲಿ. ಟೂರ್ನಮೆಂಟ್‌ನಲ್ಲಿ ಕೋಚ್ ಖರ್ಚನ್ನ ಕ್ಲಬ್ಬೇ ಎಂಟ್ರಿ ಫೀಸ್ ಜೊತೆ ಸೇರಿಸಿ ಮೊದಲೇ ಹೇಳ್ಲಿ, ಕೊಡೋಕಾಗದ ಮಗು ಪಕ್ಕದಲ್ಲೂ ಆ ಒಂದು ನಿಮಿಷ ಒಬ್ಬರು ನಿಲ್ಲಲಿ. ಸೆಲೆಕ್ಷನ್‌ನಲ್ಲಿ ಕೂರೋ ಕೋಚ್ ಯಾರ್ಯಾರಿಗೆ ಪ್ರೈವೇಟ್ ಹೇಳ್ಕೊಡ್ತಾರೆ ಅಂತ ಮೊದಲೇ ಬರೆದು ಕೊಡ್ಲಿ. ಮಗಳಿಗೆ ಈಗ ಹೊಸ ಕೋಚ್ ಬಂದಿದ್ದಾರೆ, ಮೊನ್ನೆ ಅವರೂ ಹತ್ತು ಲೆಸನ್ ಪ್ಯಾಕ್ ಬಗ್ಗೆ ಹೇಳಿದ್ರು. ರಸೀದಿ ಸಿಗುತ್ತಾ ಸರ್ ಅಂತ ಕೇಳಿದ್ದೀನಿ, ಆಫೀಸಲ್ಲಿ ಕೇಳಿ ಹೇಳ್ತೀನಿ ಅಂದಿದ್ದಾರೆ.

— ಫೆನ್ಸಿಂಗ್ ಕಲಿಯೋ ಹುಡುಗಿಯ ತಾಯಿ, ಬೆಂಗಳೂರು